ತಾಳೆ ನೋಡದೆ ಕೊಟ್ಟ ಡಿಸ್ಕುಗಳು

ಸ್ಕ್ಯಾನಿಂಗ್ ಸೆಂಟರಿನ ಒಳಕೋಣೆಯಲ್ಲಿ ಹದಿನಾರು ವರ್ಷದಿಂದ ಕೂತಿದ್ದವಳನ್ನು ಎಲ್ಲರೂ ಸ್ಕ್ಯಾನಕ್ಕ ಎಂದೇ ಕರೆಯುತ್ತಿದ್ದರು. ರೋಗಿಗಳ ತಲೆ, ಬೆನ್ನು, ಹೊಟ್ಟೆಗಳ ಚಿತ್ರ ತೆಗೆದು, ಡಿಸ್ಕಿಗೆ ಬರೆದು ಕೊಡುವುದು ಅವಳ ಕೆಲಸ. ಬಲು ಚೊಕ್ಕದ ಹೆಂಗಸು. ಇನ್ನೊಬ್ಬರು ಹಿಡಿದ ಮೌಸನ್ನು ಸ್ಪಿರಿಟ್ಟಿನಲ್ಲಿ ಒರೆಸದೆ ಮುಟ್ಟುತ್ತಿರಲಿಲ್ಲ. ಇವಳು ನೀರನ್ನೂ ತೊಳೆದು ಕುಡಿಯುವವಳು ಎಂದು ಗಂಡ ನೆಂಟರೆದುರು ನಗುತ್ತಿದ್ದ.

ಆ ವರ್ಷ ಡಿಸ್ಕುಗಳು ಕೈಕೊಡತೊಡಗಿದವು. ಬರೆಯುವುದೇನೋ ಮುಗಿಯುತ್ತಿತ್ತು, ಬರೆದದ್ದನ್ನು ಕಂಪ್ಯೂಟರು ಓದಿ ತಾಳೆ ನೋಡುವಾಗ ಕೆಂಪು ಅಕ್ಷರ ಬಂದು, ಡ್ರೈವು ಡಿಸ್ಕನ್ನು ಹೊರಕ್ಕೆ ಉಗುಳುತ್ತಿತ್ತು. ಸೆಂಟರಿನ ಯಜಮಾನ ಬಾಗಿಲಲ್ಲಿ ನಿಂತು ಹಲ್ಲು ಕೆದಕುತ್ತ, ತಪ್ಪೆಲ್ಲ ಕಂಪ್ಯೂಟರು ನಡೆಸುವ ಆ ಲಿನಕ್ಸಿನದು, ಬಿಟ್ಟಿ ಸಿಕ್ಕಿದ್ದು ಇನ್ನು ಹೇಗಿರುತ್ತದೆ ಎಂದು ತೀರ್ಪು ಕೊಟ್ಟ. ಬಿಟ್ಟಿ ಎಂದೇ ಅದನ್ನು ಹಾಕಿಸಿದವನೂ ಅವನೇ. ಕೆದಕಿದ ಕಡ್ಡಿಯನ್ನು ಅವಳ ಕೀಬೋರ್ಡಿನ ಪಕ್ಕದಲ್ಲಿಟ್ಟು ಹೋದ. ಅವಳು ಅದನ್ನು ಕಾಗದದಲ್ಲಿ ಹಿಡಿದು ಎಸೆದಳು.

ಆಮೇಲೆ ಬೆಣ್ಣೆಯಿಂದ ಕೂದಲು ತೆಗೆಯುವ ಹಾಗೆ ಹುಡುಕಿದಳು. ಡ್ರೈವನ್ನು ಬೇರೆ ಪ್ರೋಗ್ರಾಮು ಹಿಡಿದುಕೊಂಡಿದೆಯೇ ಎಂದು ನೋಡಿದಳು, ಇಲ್ಲ. ಬರೆಯುವ ಅನುಮತಿ ಸರಿಯಾಗಿತ್ತು. ವೇಗ ತಗ್ಗಿಸಿದಳು, ಲೆನ್ಸ್ ಒರೆಸಿದಳು, ಕೇಬಲ್ ಬದಲಿಸಿದಳು. ಕೊನೆಗೆ ಮನೆಯಲ್ಲಿದ್ದ ಹಳೆಯ ಖಾಲಿ ಡಿಸ್ಕೊಂದನ್ನು ತಂದು ಹಾಕಿದರೆ ಮೊದಲ ಸಲಕ್ಕೇ ಪಾಸಾಯಿತು.

ಡಿಸ್ಕಿನ ಪೆಟ್ಟಿಗೆ ಇದ್ದದ್ದು ಕಕ್ಕಸಿನ ಪಕ್ಕದ ಉಗ್ರಾಣದಲ್ಲಿ. ಗೋಡೆಯ ತೇವಕ್ಕೆ ರಟ್ಟು ಕೊಳೆತಿತ್ತು. ಡಿಸ್ಕುಗಳ ನಡುವೆ ಜಿರಲೆ ಹಿಕ್ಕೆ, ಬೂದು ಬೂಷ್ಟು. ಬೆರಳಿಟ್ಟರೆ ಬೆಳ್ಳಿಬಣ್ಣ ಹುಣ್ಣಿನ ಹಕ್ಕಳೆಯಂತೆ ಕಿತ್ತು ಬರುತ್ತಿತ್ತು. ಅವಳು ಹೇಸಿಕೊಂಡು ಎರಡು ಸಲ ಸೋಪು ಹಾಕಿ ಕೈ ತೊಳೆದಳು. ಯಜಮಾನನಿಗೆ ಹೇಳಿದಳು. ಪೆಟ್ಟಿಗೆ ಕೊಟ್ಟವನು ಅವನ ಭಾವಮೈದ.

"ಆ ತಾಳೆ ನೋಡೋದನ್ನ ತೆಗೆದುಹಾಕಮ್ಮ," ಎಂದ ಯಜಮಾನ. "ನೋಡಿದ್ರೆ ತಾನೇ ಫೇಲು?"

ಅವಳು ಮೂಗು ಮುರಿದಳು, ಆದರೆ ತೆಗೆದುಹಾಕಿದಳು. ಅಂದಿನಿಂದ ಎಲ್ಲ ಡಿಸ್ಕೂ ಪಾಸು.

ಹದಿನೈದು ದಿನಕ್ಕೆ ಒಬ್ಬ ಮುದುಕ ಬಂದ. ಹೆಂಡತಿಯ ತಲೆಯ ಸ್ಕ್ಯಾನ್ ಹಿಡಿದು ಆರು ಗಂಟೆ ಬಸ್ಸಿನಲ್ಲಿ ದೊಡ್ಡ ಡಾಕ್ಟರ ಹತ್ತಿರ ಹೋಗಿದ್ದನಂತೆ. ಡಿಸ್ಕಿನಲ್ಲಿ ಏನೂ ಇಲ್ಲವೆಂದು ಅವರು ವಾಪಸು ಕಳಿಸಿದ್ದರು.

"ನಾನೇ ಎಲ್ಲೋ ಕೈ ತಾಗಿಸಿ ಅಳಿಸಿಬಿಟ್ಟೆ ಅನ್ಸುತ್ತೆ ತಾಯಿ," ಎಂದ, ಅದನ್ನು ಅಂಗಿಯ ಅಂಚಿನಿಂದ ಒರೆಸುತ್ತ. "ಇನ್ನೊಂದು ಮಾಡ್ಕೊಡ್ತೀರಾ?"

"ತಪ್ಪು ನಿಮ್ಮದಲ್ಲ ಅಜ್ಜ. ಹಾಳು ಅಂತ ಗೊತ್ತಿದ್ದೂ ನಾನೇ ಕೊಟ್ಟಿದ್ದು."

ಅವನಿಗೆ ಅದು ಅರ್ಥವಾದಂತೆ ಕಾಣಲಿಲ್ಲ. ಅವಳು ಎದುರಿನ ಅಂಗಡಿಯಿಂದ ಡಿಸ್ಕು ತಂದು, ಬರೆದು, ಚಿತ್ರಗಳನ್ನು ಒಂದೊಂದಾಗಿ ತೆರೆದು ತೋರಿಸಿ ಕೊಟ್ಟಳು. ಮುದುಕ ಕೈಮುಗಿದ. ಆ ಮುಗಿದ ಕೈ ನೋಡಿ ಅವಳಿಗೆ ತನ್ನ ಮೇಲೆ ಬಂದಷ್ಟು ಹೇಸಿಗೆ ಉಗ್ರಾಣದಲ್ಲೂ ಬಂದಿರಲಿಲ್ಲ.

ಯಜಮಾನ ಊಟಕ್ಕೆ ಕೂತಿದ್ದ. ಅವಳು ಪೆಟ್ಟಿಗೆ ಹೊತ್ತು ತಂದು ಅವನ ತಟ್ಟೆಯ ಪಕ್ಕದಲ್ಲೇ ಸುರಿದಳು. ಒಂದು ಜಿರಲೆ ಹೊರಬಿದ್ದು ನೀರಿನ ಲೋಟದ ಹಿಂದೆ ಓಡಿತು.

"ಊಟದ ಹೊತ್ತಲ್ಲಿ ಏನಮ್ಮ ಇದು ಗಲೀಜು?"

"ಇದನ್ನೇ ಸಾರ್ ನಾವು ರೋಗಿಗಳ ಕೈಗೆ ಕೊಡ್ತಿರೋದು."

ಸಂಜೆಯೊಳಗೆ ಹೊಸ ಡಿಸ್ಕುಗಳು ಬಂದವು. ನಾಚಿಕೆಯಿಂದಲ್ಲ, ಅವನಿಗೆ ಅನ್ನ ಸೇರಿರಲಿಲ್ಲ, ಅಷ್ಟೆ.

ಅವಳು ತಾಳೆ ನೋಡುವುದನ್ನು ಮತ್ತೆ ಹಾಕಿದಳು. ಆ ಹದಿನೈದು ದಿನಗಳಲ್ಲಿ ಡಿಸ್ಕು ಒಯ್ದವರಿಗೆಲ್ಲ ಫೋನು ಮಾಡತೊಡಗಿದಳು. ಹೆಚ್ಚಿನವರು ಬಂದು ಹೊಸದನ್ನು ಒಯ್ದರು. ಕೆಲವರು ಬೈದರು, ಅವಳು ಬೈಸಿಕೊಂಡಳು. ಎರಡು ಮನೆಗಳಲ್ಲಿ ಮಾತ್ರ ಬೇರೆ ಯಾರೋ ಫೋನು ಎತ್ತಿ, ಇನ್ನು ಡಿಸ್ಕು ಬೇಕಾಗಿಲ್ಲ ಎಂದರು. ಆ ಎರಡು ಹೆಸರುಗಳನ್ನು ಅವಳು ಪಟ್ಟಿಯಿಂದ ಹೊಡೆದುಹಾಕಲಿಲ್ಲ.