ಕಮಾನಿಗೆ ಹಚ್ಚಿದ ಮೂರು ಬಲ್ಬು

ಈ ಕೈಯಿಂದ ಎಷ್ಟು ಬಲ್ಬು ಬದಲಿಸಿದ್ದೇನೋ ಲೆಕ್ಕವಿಲ್ಲ. ಲಾರಿಯವು, ಜೀಪಿನವು, ಮೋಟಾರ್‌ಸೈಕಲ್ಲಿನವು. ಅದರಲ್ಲಿ ಒಂದನ್ನು ತಪ್ಪಾಗಿ ಕೂರಿಸಿದೆ. ತಪ್ಪಾಗಿ ಕೂರಿಸಿದ್ದಕ್ಕಿಂತ ಆಮೇಲೆ ಮಾಡಿದ್ದು ದೊಡ್ಡದು. ಅದನ್ನೇ ಇಲ್ಲಿ ಹೇಳುತ್ತೇನೆ.

ಆಗ ನಾನು ಬೀದರಿನ ಒಂದು ಸರ್ಕಾರಿ ಕಚೇರಿಯಲ್ಲಿ ಫಿಟ್ಟರ್ ಆಗಿದ್ದೆ. ಊರು ಔರಾದ. ಮೆಟ್ರಿಕ್‌ವರೆಗೆ ಉರ್ದುವಿನಲ್ಲಿ ಓದಿದ್ದೆ. ನಮ್ಮ ಸಾಹೇಬರು ತಿಂಗಳಲ್ಲಿ ಹತ್ತು ಹನ್ನೆರಡು ದಿನ ದೌರೆಯ ಮೇಲೆ, ಅಂದರೆ ಊರೂರು ತಿರುಗಾಟದಲ್ಲಿ, ಇರುತ್ತಿದ್ದರು. ಭಾಲ್ಕಿ, ಔರಾದ, ನಡುವಿನ ಹಳ್ಳಿಗಳು, ಎಲ್ಲ ಕಡೆಗೂ ಒಂದೇ ಗಾಡಿ: ದಪ್ಪ ಪೆಟ್ರೋಲ್ ಟಾಕಿಯ ಇಂಗ್ಲಿಷ್ ಮೋಟಾರ್‌ಸೈಕಲ್ಲು. ಪಕ್ಕಕ್ಕೆ ಜೋಡಿಸಿದ ಸೈಡ್‌ಕಾರಿನ ತೊಟ್ಟಿಲಿನಲ್ಲಿ ಸಾಹೇಬರು, ಹಿಂದಿನ ಸೀಟಿನಲ್ಲಿ ಪಾನಾ ಚೀಲ ಹಿಡಿದು ನಾನು. ಓಡಿಸುವವರು ಚಿದ್ರಿಯ ಚಾಚಾ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಿಜಾಮರ ಕಾಲದಿಂದ ಅದೇ ಗಾಡಿ ಹಿಡಿದವರು. ಕೆಲಸ ನನಗೆ ಕಲಿಸಿದ್ದೇ ಅವರು.

ಆ ಗಾಡಿಗೆ ಇಂಡಿಕೇಟರ್ ಇರಲಿಲ್ಲ. ಬಲಗೈ ಎಕ್ಸಿಲೇಟರ್ ಬಿಡುವಂತಿಲ್ಲ, ತಿರುವಿನಲ್ಲಿ ಕೈ ತೋರಿಸುವುದು ಕಷ್ಟ. ಮುರಿದ ಲಾರಿಯೊಂದರ ಎರಡು ಹಳದಿ ಗಾಜಿನ ದೀಪ ತಂದು, ನಾನೇ ತಂತಿ ಎಳೆದು, ಹ್ಯಾಂಡಲ್ ಮೇಲೆ ಎರಡು ಗುಂಡಿ ಕೂರಿಸಿದ್ದೆ. ಗುಂಡಿ ಒತ್ತಿ ಒತ್ತಿ ಬಿಟ್ಟರೆ ದೀಪ ಮಿಣುಕುತ್ತಿತ್ತು. ಹಳ್ಳಿಯ ಜನ ಅದಕ್ಕೆ ಕಣ್ಣು ಹೊಡೆಯುವ ಗಾಡಿ ಅಂತಲೇ ಹೆಸರಿಟ್ಟಿದ್ದರು.

ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ದಿನ ದೌರೆ ಔರಾದದಲ್ಲಿತ್ತು. ಕಚೇರಿ ಎದುರು ಬಿದಿರಿನ ಕಮಾನು ಕಟ್ಟಿ, ಮಾವಿನೆಲೆ, ಬಣ್ಣದ ಕಾಗದ ಹಚ್ಚಿದ್ದರು. ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ನಮ್ಮ ಓಣಿಯ ಹಿರಿಯರೊಬ್ಬರು ಬಂದು ನನ್ನನ್ನು ಕೆಣಕಿದರು.

“ಭಾಲ್ಕ್ಯಾಗ ಸ್ಟೇಷನ್ ಮುಂದ ಬಲ್ಬ್ ಹಚ್ಚಲತ್ತಾರಂತ. ನಾವು ಗ್ಯಾಸ್‌ಬತ್ತಿ ಹಿಡ್ಕೊಂಡು ಮೈಸೂರಿಗಿ ಸೇರೋದೇನು? ನೀ ಭಾರಿ ಮಿಸ್ತ್ರಿ ಅದೀ ಅಂತ ನಿಮ್ಮವ್ವ ಊರೆಲ್ಲ ಹೇಳ್ಕೋತ ತಿರಗ್ತಾಳ. ಎಲ್ಲದ ನಿನ್ನ ಮಿಸ್ತ್ರಿತನ?”

ನನಗೆ ಅದು ತಾಕಿತು. ಚಾಚಾನ ಹತ್ತಿರ ಹೋದೆ.

“ಚಾಚಾ, ಗಾಡಿ ಬಲ್ಬ್ ಮೂರೂ ತೆಗೀತೇನಿ. ಬ್ಯಾಟ್ರೀನೂ ಬೇಕು. ಒಂದ್ ತಾಸು ಅಷ್ಟೇ.”

“ಸಾಹೇಬ್ರಿಗಿ ಕೇಳಿದೇನು?”

“ಇಲ್ಲ.”

ಅವರು ಗಡ್ಡ ಕೆರೆದುಕೊಂಡರು. “ತೆಗಿ. ನಿನ್ನ ಊರು, ನಿನ್ನ ಜಶ್ನ್. ಆದ್ರ ಮುಂಜಾನಿ ಗಾಡಿ ಹ್ಯಾಂಗಿತ್ತು ಹಂಗೇ ಇರ್ಬೇಕು ನೋಡು, ಬೇಟಾ.”

ಕಮಾನಿನ ನಡುವೆ ಹೆಡ್‌ಲೈಟಿನ ಬಲ್ಬು, ಆಚೆ ಈಚೆ ಹಳದಿ ಗಾಜಿನ ಎರಡು. ಸಂಜೆ, ಸಾಹೇಬರು ಇಳಿದುಕೊಂಡಿದ್ದ ಬಂಗಲೆಗೆ ಹೋದ ಮೇಲೆ, ತಂತಿ ತಾಗಿಸಿದ ಕೂಡಲೇ ಬೆಳಕು ಬಂತು. ಬೆಳಕು ಬೀಳುವಲ್ಲಿ ನಿಂತು ನಮ್ಮ ತಾಯಿ ಸೆರಗು ಸರಿಮಾಡಿಕೊಂಡದ್ದು ನನಗೆ ಇನ್ನೂ ಕಾಣುತ್ತದೆ. ಆ ಸಂತೋಷ ಸುಳ್ಳಲ್ಲ. ಅದನ್ನೂ ಬರೆಯದಿದ್ದರೆ ಅರ್ಧ ಹೇಳಿದಂತಾಗುತ್ತದೆ.

ಮರುದಿನ ಬೆಳಿಗ್ಗೆ ಸಾಹೇಬರು ಬರುವ ಮುಂಚೆ ಬಲ್ಬುಗಳನ್ನು ವಾಪಸ್ ಕೂರಿಸಲು ಕೂತೆ. ರಾತ್ರಿ ಕಮಾನು ನೋಡಿದವರೆಲ್ಲ ಸುತ್ತ ನೆರೆದರು. ಹೆಡ್‌ಲೈಟಿನ ಬಲ್ಬಿನಲ್ಲಿ ಎರಡು ತಂತಿ ಇರುತ್ತವೆ. ಒಂದು ದೂರದ ಬೆಳಕಿಗೆ, ಇನ್ನೊಂದು ಡಿಪ್ಪಿಗೆ. ಎದುರು ಗಾಡಿ ಬಂದಾಗ ಡಿಪ್ ಒತ್ತಿದರೆ ಬೆಳಕು ತಗ್ಗಿ ನೆಲಕ್ಕೆ ಬೀಳಬೇಕು. ಹಿತ್ತಾಳೆಯ ಬುಡದ ಮೇಲೆ ಒಂದು ಗುರುತು ಇರುತ್ತದೆ, ಅದು ಮೇಲೆ ಬರಬೇಕು. ತಲೆಕೆಳಗು ಮಾಡಿದರೂ ಬಲ್ಬು ಗಪ್ಪನೆ ಕೂಡುತ್ತದೆ, ಉರಿಯುತ್ತದೆ. ದೂರದ ಬೆಳಕಿನಲ್ಲಿ ಏನೂ ಫರಕು ಗೊತ್ತಾಗುವುದಿಲ್ಲ. ಡಿಪ್ ಮಾತ್ರ ನೆಲ ಬಿಟ್ಟು ಮೇಲಕ್ಕೆ, ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಇದನ್ನೆಲ್ಲ ಚಾಚಾ ನನಗೆ ಹೇಳಿಕೊಟ್ಟಿದ್ದರು. ಕೂರಿಸುವ ಮುಂಚೆ ಬೆರಳಿನಿಂದ ಗುರುತು ಮುಟ್ಟಿ ನೋಡಬೇಕು ಅನ್ನುವುದು ಅವರ ಪಾಠ.

ಅವತ್ತು ನಾನು ಮುಟ್ಟಿ ನೋಡಲಿಲ್ಲ. ಮಾತಾಡುತ್ತ ಒತ್ತಿ ತಿರುವಿದೆ. ಹಗಲು ಬೆಳಕಿನಲ್ಲಿ ಎರಡೂ ತಂತಿ ಉರಿದವು, ಸಾಕಾಯಿತು. ಜನಕ್ಕೆ ಬೇಕಾದದ್ದು ಇಂಡಿಕೇಟರು. ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಹತ್ತು ಸಲ ಮಿಣುಕಿಸಿ ತೋರಿಸಿದೆ.

“ಯಾರಿಗಿ ಕಣ್ ಹೊಡೀಲತ್ತದೋ ಇದು?” ಅಂದಳು ಒಬ್ಬ ಮುದುಕಿ.

“ನಿನಗೇ ಆಯಿ.”

“ಹಂಗಾದ್ರ ನಮ್ಮ ಮುದುಕಗ ಹೇಳಬ್ಯಾಡಪ್ಪಾ. ನಾಳಿನೂ ಬರ್ತೇನಿ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಸಾಹೇಬರ ಹತ್ತಿರ ಒಂದು ದಿನದ ರಜೆ ಕೇಳಿ ಮನೆಯಲ್ಲಿ ಉಳಿದೆ. ಸಂಜೆ ಸಾಹೇಬರು, ಚಾಚಾ ಇಬ್ಬರೇ ಭಾಲ್ಕಿ ಕಡೆ ಹೊರಟರು.

ಹೊತ್ತು ಮುಳುಗಿದ ಮೇಲೆ ಭಾಲ್ಕಿ ಇನ್ನೂ ದೂರ ಇದ್ದಾಗ ಎದುರಿಗೆ ಕಬ್ಬಿನ ಬಂಡಿ ಬಂತು. ತೊಟ್ಟಿಲಿನಲ್ಲಿ ಸಾಹೇಬರು ತೂಕಡಿಸುತ್ತಿದ್ದರು. ಚಾಚಾ ಡಿಪ್ ಒತ್ತಿದರು. ಬೆಳಕು ತಗ್ಗುವ ಬದಲು ಎತ್ತುಗಳ ಮುಖಕ್ಕೆ ಏರಿತು. ಎತ್ತು ಬೆದರಿ ದಾರಿ ಬಿಟ್ಟು ಓಡಿದವು, ಬಂಡಿ ತಗ್ಗಿಗೆ ಉರುಳಿತು. ಬಂಡಿ ಹೊಡೆಯುವವನ ತೊಡೆ ಮುರಿಯಿತು. ಅವನು ಬದುಕಿದ, ಆದರೆ ಮುಂದೆ ಭಾಲ್ಕಿ ಸಂತೆಯಲ್ಲಿ ನೋಡಿದಾಗಲೆಲ್ಲ ಕೋಲು ಊರಿಕೊಂಡೇ ಇರುತ್ತಿದ್ದ. ನಾನು ಅಂಗಡಿ ಮರೆಗೆ ಸರಿಯುತ್ತಿದ್ದೆ.

ಸುದ್ದಿ ಕೇಳಿ ಎರಡನೆಯ ದಿನ ಬೀದರಿಗೆ ಹೋದೆ. ಗಾಡಿ ಶೆಡ್ಡಿನಲ್ಲಿ ನಿಂತಿತ್ತು. ಒಬ್ಬನೇ ಇದ್ದೆ. ಹೆಡ್‌ಲೈಟಿನ ಗಾಜು ಬಿಚ್ಚಿ ಬೆರಳು ಹಾಕಿ ಮುಟ್ಟಿದೆ. ಗುರುತು ಕೆಳಗಿತ್ತು.

ಬಲ್ಬನ್ನು ಒತ್ತಿ, ಅರ್ಧ ಸುತ್ತು ತಿರುವಿ, ಗುರುತು ಮೇಲೆ ಮಾಡಿ ಕೂರಿಸಿದೆ. ಗಾಜು ಮುಚ್ಚಿ ಬಟ್ಟೆಯಿಂದ ಒರೆಸಿದೆ. ಒಂದು ನಿಮಿಷದ ಕೆಲಸ.

ಮಧ್ಯಾಹ್ನ ಸಾಹೇಬರು ವಿಚಾರಣೆಗೆ ಕರೆದರು. ಬ್ರೇಕ್ ಹಾಕಿದಾಗ ತೊಟ್ಟಿಲಿನ ಅಂಚು ಬಡಿದ ಹಣೆಗೆ ಪಟ್ಟಿ ಕಟ್ಟಿಕೊಂಡಿದ್ದರು. ಚಾಚಾ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದರು.

“ಡಿಪ್ ಒತ್ತೀನ್ರಿ ಸಾಬ್. ಬೆಳಕು ಮ್ಯಾಲ ಹೋಯ್ತು. ತಪ್ಪಾಯ್ತೇನೋ ಅಂತ ಮತ್ತ ಒತ್ತೀನ್ರಿ. ಅಷ್ಟ್ರಾಗ ಎತ್ತು ಓಡಿದ್ವು.”

“ಬಂಡಿಯವ ಬ್ಯಾರೆ ಹೇಳ್ತಾನ. ಬೇಕಂತಲೇ ಕಣ್ಣಿಗಿ ಬೆಳಕು ಬಿಟ್ರು ಅಂತಾನ. ಫಿಟ್ಟರ್, ನೀ ಹೇಳು. ಲೈಟ್ ಸರಿ ಅದ ಏನು?”

“ಸರಿ ಅದ್ರಿ,” ಅಂದೆ. “ಈಗ ಬೇಕಾದ್ರ ಹಚ್ಚಿ ನೋಡ್ರಿ.”

ಶೆಡ್ಡಿನ ಕತ್ತಲ ಗೋಡೆಗೆ ಹಚ್ಚಿ ನೋಡಿದರು. ಡಿಪ್ ಒತ್ತಿದರೆ ಬೆಳಕು ವಿಧೇಯವಾಗಿ ತಗ್ಗಿತು. ಚಾಚಾ ತಾವೇ ಎರಡು ಸಲ ಒತ್ತಿ ನೋಡಿದರು. ಆಮೇಲೆ ತಮ್ಮ ಹೆಬ್ಬೆರಳನ್ನು ನೋಡಿಕೊಂಡರು.

ಕಮಾನಿಗೆ ಬಲ್ಬು ತೆಗೆದ ಮಾತು ಅವರು ಎತ್ತಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ಅವರು ಎತ್ತಲಿಲ್ಲ. “ಹುಡುಗನ ಕೆಲಸ ಪಕ್ಕಾ ಇರ್ತದ್ರಿ ಸಾಬ್. ಅವ್ನದೇನೂ ಇಲ್ಲ,” ಅಂದರು.

ಹಳೆಯ ರಾಜ್ಯದ ನೌಕರರಲ್ಲಿ ಯಾರು ಯಾವ ಕೆಲಸಕ್ಕೆ ಅಂತ ಹೊಸ ಪಟ್ಟಿ ತಯಾರಾಗುತ್ತಿದ್ದ ಕಾಲ ಅದು. ಬಂಡಿ ಕಾಣದೆ ಡಿಪ್ ಒತ್ತಲಿಲ್ಲ ಅಂತ ತೀರ್ಮಾನಿಸಿ ಚಾಚಾನ ಹೆಸರಿನ ಮುಂದೆ ದೃಷ್ಟಿ ಮಂದ ಎಂದು ಬರೆದರು. ಗಾಡಿ ತಪ್ಪಿಸಿ ಗೇಟಿನ ಕಾವಲಿಗೆ ಹಾಕಿದರು. ಗಾಡಿಯನ್ನು ಯಾರಿಗೆ ಕೊಟ್ಟರು ಅಂದರೆ, ನನಗೆ. ನಾನು ಅದನ್ನು ತೆಗೆದುಕೊಂಡೆ. ಹನ್ನೊಂದು ವರ್ಷ ಓಡಿಸಿದೆ. ಪ್ರತಿ ಬೆಳಿಗ್ಗೆ ಗೇಟು ತೆರೆಯುತ್ತಿದ್ದವರು ಚಾಚಾ. ಒಂದೊಂದು ದಿನ “ಟಾಕಿ ಸ್ವಚ್ಛ ಒರಸು” ಅಂತ ಹೇಳುತ್ತಿದ್ದರು. ಗಾಡಿಯನ್ನು ಮುಟ್ಟುತ್ತಿರಲಿಲ್ಲ.

ಹೇಳಬೇಕು ಅಂತ ಎಷ್ಟೋ ಸಲ ಚಿದ್ರಿಯ ದಾರಿ ಹಿಡಿದು ಅರ್ಧಕ್ಕೇ ತಿರುಗಿದೆ. ಮೊದಲು ನೌಕರಿಯ ಅಂಜಿಕೆ. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಅಂದರೆ ಏನನ್ನಲಿ ಅನ್ನುವ ಅಂಜಿಕೆ. ವರ್ಷ ಹೋದಂತೆ ಎರಡನೆಯದೇ ಬೆಳೆಯಿತು. ಚಾಚಾ ತೀರಿಕೊಂಡಾಗ ಮಣ್ಣಿಗೆ ಹೋಗಿದ್ದೆ. ಅದಾಗಿ ಎರಡು ವರ್ಷಕ್ಕೆ, ಹೋದ ಚಳಿಗಾಲದಲ್ಲಿ, ಅವರ ಮನೆಗೆ ಹೋಗಿ ಚಾಚಿಯ ಮುಂದೆ ಕೂತು ಹೇಳಿದೆ. ಕಮಾನು, ಗುರುತು, ಶೆಡ್ಡು, ಎಲ್ಲ.

ಅವರು ಬೈಯುತ್ತಾರೆ ಅಂದುಕೊಂಡಿದ್ದೆ.

“ಸಾಯೋ ತನಕ ಒಂದೇ ಮಾತು, ಭಾಯಿ,” ಅಂದರು. “ಊಟಕ್ಕ ಕೂತಾಗ ಹೆಬ್ಬೆಟ್ಟು ಹಿಂಗ ಒತ್ತೋರು, ಗಾಳ್ಯಾಗ. ಒತ್ತಿದ್ನಾ, ಇಲ್ಲಾ? ಅಂತ ನನಗ ಕೇಳೋರು. ಮೊದಲ ಮೊದಲ ಒತ್ತೀನಿ ಅಂತಿದ್ರು. ಕಡೀಕ ಅವ್ರಿಗೇ ಡೌಟ್ ಬಂತು. ನಾನೂ ಅಂದೆ, ಮರ್ತಿರ್ಬೇಕು ಬಿಡ್ರಿ, ವಯಸ್ಸಿಗಿ ಕಣ್ಣು ಹೋಗ್ತಾವ ಅಂತ. ನಾನೂ ಅಂದೆ.”

ನನ್ನಿಂದ ಚಾಚಾ ಕಳೆದುಕೊಂಡದ್ದು ಗಾಡಿ ಮಾತ್ರ ಅಂತ ನಾನು ತಿಳಿದಿದ್ದೆ.

“ಮಾಫ್ ಮಾಡ್ರಿ ಚಾಚಿ,” ಅಂದೆ.

“ಅದು ನನ್ನ ಕೈಯಾಗಿಲ್ಲ. ಅವ್ರದು.” ಒಳಗೆ ಮೊಮ್ಮಗಳು ಗಟ್ಟಿಯಾಗಿ ಪಾಠ ಓದುತ್ತಿದ್ದಳು, ಕನ್ನಡದಲ್ಲಿ. ಚಾಚಿ ಆ ಕಡೆ ಕೈ ಮಾಡಿದರು. “ನಮ್ಮ ಅಜ್ಜಗ ಕಣ್ಣು ಕಾಣ್ತಿರಲಿಲ್ಲ, ಅದಕ್ಕೇ ಗಾಡಿ ಬಿಡ್ಸಿದ್ರು ಅಂತ ಈ ಮಕ್ಕಳು ಹೇಳ್ಕೋತ ತಿರಗ್ತಾವ. ನನಗ ಬಾಯ್ಲೇ ಹೇಳಿ ಹೋಗಬ್ಯಾಡ. ಬರ್ದು ಕೊಡು. ಉರ್ದು ಇವಕ್ಕ ಬರಲ್ಲ, ಕನ್ನಡದಾಗ ಬರಿ.”

ಅದಕ್ಕೇ ಬರೆದೆ. ಮಕ್ಕಳೇ, ನಿಮ್ಮ ಅಜ್ಜನ ಕಣ್ಣು ಚೆನ್ನಾಗಿತ್ತು. ಅವರು ಡಿಪ್ ಒತ್ತಿದ್ದರು. ಬಲ್ಬು ತಲೆಕೆಳಗಾಗಿತ್ತು. ಕೂರಿಸಿದವನು ನಾನು, ಆಮೇಲೆ ಯಾರಿಗೂ ತಿಳಿಯದ ಹಾಗೆ ಸರಿಮಾಡಿದವನೂ ನಾನೇ.