ರೀಲು ಬದಲಾಯಿಸುವ ಹೊತ್ತು

ಮೊನ್ನೆ ಕ್ಷೌರದಂಗಡಿಯಲ್ಲಿ ಗರುಗದ ಸೊಪ್ಪಿನ ರಸಕ್ಕೆ ದೀಪದ ಕಪ್ಪು ಕಲಸಿದ ಕೂದಲ ಬಣ್ಣದ ವಾಸನೆ ಬಂತು. ನಮ್ಮ ಎದುರುಮನೆಯವರು ನೆನಪಾದರು. ಟೆಂಟು ಸಿನಿಮಾದಲ್ಲಿ ದೆವ್ವ ನೋಡಿ ಹೆದರಿ ಅವರು ಮದುವೆ ಬಿಟ್ಟರೆಂದು ವಿಜಯಪುರದಲ್ಲಿ ಈಗಲೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಆ ಸಿನಿಮಾದ ರಾಣಿಯ ಮುಖ ಕೊಳೆತು ದೆವ್ವವಾಗುವುದು ಕೊನೆಯ ರೀಲಿನಲ್ಲಿ. ಅವರು ಎದ್ದುಹೋದದ್ದು ಅದಕ್ಕೆ ಮುಂಚೆ. ನೋಡದ ದೆವ್ವಕ್ಕೆ ಹೆದರಿದರೆಂಬುದು ಯಾವ ನ್ಯಾಯ?

ಅವರು ಐವತ್ತು ದಾಟಿದ ವಿಧುರರು, ರೇಷ್ಮೆ ಹುರಿಮಾಡುವ ಯಂತ್ರಗಳ ಯಜಮಾನರು. ನಮಗೆಲ್ಲ ‘ಮಾವ’. ಎರಡನೇ ಮಹಾಯುದ್ಧ ಮುಗಿಯುತ್ತಾ ಬಂದಾಗ ಹದಿನಾರರ ನಮ್ಮಕ್ಕನನ್ನು ಮದುವೆಗೆ ಕೇಳಿದರು; ಅಪ್ಪ ಮಾತು ಕೊಟ್ಟುಬಿಟ್ಟರು. ಹೈಸ್ಕೂಲಿನ ಚರ್ಚಾಸ್ಪರ್ಧೆ ಗೆದ್ದಿದ್ದ ನಾನು ಅಪ್ಪನ ಮುಂದೆ ವಾದ ಹೂಡಿದೆ. “ಬಾಯ್ಮುಚ್ಕೊಂಡು ಉಣ್ಣಲಾ, ಲಾಯರಿ,” ಎಂದರು. ಅಕ್ಕ ಅಕ್ಕಿ ಆರಿಸುತ್ತಾ ಅತ್ತದ್ದನ್ನು ನಾನು ನೋಡಿದ್ದೆ…

ಅಂದಿನಿಂದ ಮಾವನ ಕೂದಲು, ಮೀಸೆ ಕಪ್ಪಾದವು. ಒಂದು ಸಂಜೆ ನಮ್ಮನ್ನೆಲ್ಲ ಅವರೇ ಟೆಂಟಿಗೆ ಕರೆದುಕೊಂಡು ಹೋದರು. ಭಕ್ತಿಕಥೆ ಎಂದುಕೊಂಡಿದ್ದರಂತೆ, ತೆರೆಯ ಮೇಲೆ ಬಂದವಳು, ದಾಸಿಯರನ್ನು ಒಬ್ಬೊಬ್ಬರಾಗಿ ಕನ್ನಡಿಗೆ ಬಲಿಕೊಟ್ಟು ಅವರ ಹರೆಯವನ್ನು ತಾನು ಪಡೆಯುವ ರಾಣಿ. ಒಳಗೆ ಸೆಕೆಯೋ ಸೆಕೆ. ರೀಲು ಬದಲಾಯಿಸಲು ಆಟ ನಿಲ್ಲಿಸಿ ಗ್ಯಾಸ್‌ಲೈಟು ಹತ್ತಿಸಿದಾಗ ನೋಡುತ್ತೇನೆ, ಮಾವನ ಕಿವಿಯ ಪಕ್ಕದಿಂದ ಕಪ್ಪು ಬೆವರು ಇಳಿದು ಬಿಳಿ ಜುಬ್ಬದ ಕೊರಳಿಗೆ ಮೆತ್ತಿದೆ.

“ರಾಣಿ ಇಲ್ಲೇ ಕೂತವ್ಳೆ ಕಣ್ರಲಾ,” ಎಂದ ಹಿಂದಿನಿಂದ ಯಾವನೋ. ಟೆಂಟೆಲ್ಲ ನಕ್ಕಿತು.

ಅಕ್ಕ ನಗಲಿಲ್ಲ. ಹೆಂಗಸರ ಕಡೆಯಿಂದ ಎದ್ದು ಬಂದು, ನಡುವಿನ ಹಗ್ಗದ ಮೇಲಿಂದ ತನ್ನ ಕರವಸ್ತ್ರ ಚಾಚಿದಳು. “ಒರೆಸ್ಕೊಳ್ಳಿ, ದೊಡ್ಡಪ್ಪಾ.”

ನಮ್ಮಲ್ಲಿ ಮಾವನಿಗೆ ಹೆಣ್ಣು ಕೊಡುವುದುಂಟು, ದೊಡ್ಡಪ್ಪನೆಂದರೆ ತಂದೆ. ಅವರು ಕರವಸ್ತ್ರ ತೆಗೆದುಕೊಂಡರು… ಒರೆಸಿಕೊಂಡರೋ ಇಲ್ಲವೋ, ನೆನಪಿಲ್ಲ. ಹೊರಟುಹೋದರು.

ಮರುದಿನ ಬೆಳಿಗ್ಗೆ ತಲೆ ತೊಳೆದುಕೊಂಡು, ಬಿಳಿಗೂದಲಲ್ಲೇ ನಮ್ಮ ಜಗಲಿಗೆ ಬಂದರು. “ಮಗೂಗೆ ವಯಸ್ಸಿಗೆ ತಕ್ಕ ಗಂಡು ನೋಡಪ್ಪಾ. ನಾನೂ ಹುಡುಕ್ತೀನಿ,” ಎಂದರು ಅಪ್ಪನಿಗೆ. ಒಳಗೆ ಅಕ್ಕ ಮೊರ ಕೆಳಗಿಟ್ಟು ಬಿಟ್ಟ ಉಸಿರು ನನಗೂ ಕೇಳಿಸಿತು. ಆ ಮಧ್ಯಾಹ್ನ ಅವಳು ಎರಡು ಮುದ್ದೆ ಉಂಡಳು.

ಅಕ್ಕ ಈಗ ಹೊಸಕೋಟೆಯಲ್ಲಿ ಸುಖವಾಗಿದ್ದಾಳೆ. ಗಂಡ ಅವಳಿಗಿಂತ ನಾಲ್ಕೇ ವರ್ಷ ದೊಡ್ಡವರು. ಆ ಸಂಬಂಧ ಹುಡುಕಿಕೊಟ್ಟವರು ಎದುರುಮನೆಯವರೇ. ಹೋದ ಸಂಕ್ರಾಂತಿಗೆ ಮುಂಚೆ ಆ ಹಿರಿಯರು ತೀರಿಕೊಂಡರು. ಅಪ್ಪನೊಡನೆ ಅಷ್ಟು ವಾದಿಸಿದ ನಾನು, ಬೀದಿ ದಾಟಿ ಅವರ ಹತ್ತಿರ ಹೋಗಿರಲಿಲ್ಲ. ಮಾತಿಗೆ ಬಗ್ಗುವವರಲ್ಲ ಎಂದು ಕೇಳುವ ಮೊದಲೇ ತೀರ್ಪು ಕೊಟ್ಟುಬಿಟ್ಟಿದ್ದೆ.

ದೊಡ್ಡಪ್ಪಾ, ನಾನೇ ಮೊದಲು ಬಂದು ‘ಅಕ್ಕನಿಗೆ ಇಷ್ಟವಿಲ್ಲ’ ಅಂದಿದ್ದರೆ, ಕೇಳ್ತಿದ್ರಾ?