ಖಡಕ್ ರೊಟ್ಟಿ, ಪೂರ್ತಿ ಭೈರವಿ

ಬೆಟಗೇರಿಯ ಓಣಿಯಲ್ಲಿ ಮಗ್ಗಗಳ ಸದ್ದು ಇನ್ನೂ ಎದ್ದಿಲ್ಲ. ಗದಿಗೆವ್ವನ ಮನೆಯಲ್ಲಿ ಮಾತ್ರ ರೊಟ್ಟಿ ಬಡಿಯುವ ಸದ್ದು ಆಗಲೇ ದ್ರುತಕ್ಕೆ ಬಂದಿದೆ. ಗೋಡೆಯ ಗೂಡಿನಲ್ಲಿ ಹಿಟ್ಟಿನ ಧೂಳು ಹೊದ್ದ ಟೇಪ್ ರೆಕಾರ್ಡರ್ ಹಾಡುತ್ತಿದೆ. ಕ್ಯಾಸೆಟ್ ತೀರಿ ಗುಂಡಿ 'ಕಟ್' ಎಂದು ಮೇಲೆದ್ದದ್ದೇ ತಡ, ಆಕೆ ಬುಟ್ಟಿಯ ಕಡೆ ಕಣ್ಣು ಹಾಯಿಸುತ್ತಾಳೆ. ಈ ಮನೆಯಲ್ಲಿ ಕೆಲಸ ಗಡಿಯಾರ ನೋಡಿ ನಡೆಯುವುದಿಲ್ಲ. ಕ್ಯಾಸೆಟ್ಟಿನ ಒಂದು ಸೈಡಿಗೆ ಒಂದು ಬುಟ್ಟಿ, ಅಷ್ಟೇ ಲೆಕ್ಕ.

"ಅಕ್ಕಾ, ಹಾಡು ಮುಗೀತು, ಬುಟ್ಟಿ ತುಂಬಿಲ್ಲ" ಎಂದು ಎದುರಿಗೆ ಕುಳಿತು ಬೇಯಿಸುತ್ತಿರುವ ಜನ್ನತಬಿ ಕೆಣಕುತ್ತಾಳೆ. ಪಕ್ಕದ ಮನೆಯವಳು, ಒಲೆಯ ಮುಂದೆ ಇಬ್ಬರದೂ ಹಳೆಯ ಜೊತೆ.

"ಅವರು ನಿಧಾನ ಹಾಡಿದ್ರ ನನ್ನ ಕೈನೂ ನಿಧಾನ ಆಕ್ಕಾವವಾ. ನಾ ಏನ ಮಾಡ್ಲಿ?"

ಗದಗ ಸೀಮೆಯಲ್ಲಿ ಎಲ್ಲೇ ಗಾಯನ ಇಟ್ಟರೂ ಊಟದ ರೊಟ್ಟಿಗೆ ಗದಿಗೆವ್ವನಿಗೇ ಕರೆ ಬರುತ್ತದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಆಕೆ ಒಲೆ ಹೂಡದ ಊರಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ಹೊಟ್ಟೆಪಾಡಿಗೆ ಹಿಡಿದ ಕೆಲಸ ಇದು. ಹೊಗೆಯಲ್ಲಿ ಕಣ್ಣು ಕೆಂಪಾದವು, ಅಂಗೈ ದಪ್ಪಗಾಯಿತು. ಲಕ್ಷ್ಮೇಶ್ವರದಲ್ಲಿ ಮೊದಲ ಸಲ ಸಂಗೀತ ಕಛೇರಿಯ ಅಡಿಗೆಗೆ ಹೋದಾಗ ಪರದೆಯ ಹಿಂದಿನಿಂದ ತೇಲಿಬಂದ ದನಿಗೆ ಮೈಮರೆತಳು, ಹಂಚಿನ ಮೇಲಿದ್ದ ರೊಟ್ಟಿ ಕರಕಾಯಿತು. "ಬೈಸಿಕೊಂಡೆರಿ. ಆದರ ಹುಚ್ಚು ಹಿಡದಿತ್ತು, ಬಿಡಲಿಲ್ಲ" ಎನ್ನುತ್ತಾಳೆ.

ಹುಚ್ಚೇ ಸರಿ. ಟೇಪ್ ರೆಕಾರ್ಡರ್ ಕೊಳ್ಳುವ ಮೊದಲೇ ಆಕೆ ಕ್ಯಾಸೆಟ್ ಕೊಂಡವಳು! ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಓಣಿಯ ಮನೆ ಮನೆ ತಿರುಗಿ, ಬಿಸಿ ರೊಟ್ಟಿ ಕೊಟ್ಟು ಹಾಡು ಹಾಕಿಸಿಕೊಂಡವಳು. ಆಮೇಲೆ ಸ್ವಂತದ್ದೊಂದು ಬಂತು. ಅದರ ರಿಪೇರಿ ಮಾಡಿಕೊಡುವುದು ಮೈಕ್ ಸೆಟ್ಟಿನ ಹೊಳೆಯಪ್ಪ. ಬಿಚ್ಚಿದಾಗೊಮ್ಮೆ ಅವನದು ಒಂದೇ ಮಾತು: "ಅಕ್ಕಾರ, ಇದರಾಗಿನ ಹಿಟ್ಟು ಕೊಡವಿದ್ರ ಇನ್ನೊಂದ ರೊಟ್ಟಿ ಆಕೈತ್ರಿ."

ಇಷ್ಟೆಲ್ಲ ಇದ್ದೂ ಗದಿಗೆವ್ವ ಒಂದೇ ಒಂದು ಕಛೇರಿಯನ್ನೂ ಪೂರ್ತಿ ಕೇಳಿಲ್ಲ. ಶುರುವಿನಲ್ಲಿ ಚಹಾದ ಗಡಿಬಿಡಿ. ಕೊನೆಗೆ ಭೈರವಿ. ಕಛೇರಿ ಭೈರವಿ ರಾಗದಿಂದ ಮುಗಿಯುತ್ತದೆ, ಮುಗಿದ ಕೂಡಲೇ ಪಂಕ್ತಿ ಕೂರುತ್ತದೆ, ಪಂಕ್ತಿಗೆ ಬಿಸಿ ರೊಟ್ಟಿಯೇ ಬೇಕು. ಹೀಗಾಗಿ ಭೈರವಿಯ ಮೊದಲ ಸ್ವರ ಅಂದರೆ ಅಡಿಗೆಯವರಿಗೆ ಒಲೆಗೆ ಹಂಚು ಏರಿಸುವ ಗಂಟೆ. ಹೊಳೆಯಪ್ಪ ಹಿಂದೊಮ್ಮೆ ರೆಕಾರ್ಡ್ ಮಾಡಿಕೊಟ್ಟ ಭೈರವಿಯೂ ಅರ್ಧಕ್ಕೇ ನಿಲ್ಲುತ್ತದೆ, ಅಂದು ಟೇಪೇ ತೀರಿತ್ತು.

ಮೊಬೈಲಿನಲ್ಲಿ ಬೇಕಾದಷ್ಟು ಸಿಗುತ್ತದಲ್ಲ ಎಂದರೆ ಆಕೆ ತಲೆ ಅಲ್ಲಾಡಿಸುತ್ತಾಳೆ. "ಅದರಾಗ ಹಾಡು ಮುಗೀತೈತಿ ಖರೆ. ಮುಗಿದ ಮ್ಯಾಲೆ ಜಾಹೀರಾತು ಬಂದ ಬಿಡತೈತ್ರಿ. ಭೈರವಿ ಮುಗಿದ ಮ್ಯಾಲೆ ಮಂದಿ ಹೆಂಗ ಕುಂತಿರ್ತಾರ, ಅದನ್ನ ನಾ ನಡುವ ಕುಂತು ನೋಡಬೇಕು."

ಅದಕ್ಕೇ ಈ ಸಲ ಶಿರಹಟ್ಟಿಯ ಸಂಗೀತ ಮಂಡಳಿಗೆ ಆಕೆ ಖಡಕ್ ರೊಟ್ಟಿ ಕೊಡುವುದಾಗಿ ಹೇಳಿದ್ದಾಳೆ. ಮೊದಲೇ ಸುಟ್ಟು ಗರಿಗರಿ ಒಣಗಿಸಿಟ್ಟರೆ ಕೊನೆಯ ಗಳಿಗೆಯಲ್ಲಿ ಒಲೆಯ ಹಂಗಿಲ್ಲ. ಮಂಡಳಿಯ ಹಿರಿಯ ಕುಬೇರಪ್ಪನವರಿಗೆ ಇದು ಹಿಡಿಸಲಿಲ್ಲ. "ಬಂದ ಕಲಾವಿದರಿಗೆ ತಣ್ಣನ ರೊಟ್ಟಿ ಏನವ್ವಾ? ನಿನ್ನ ಹೆಸರು ಹೋಗತೈತಿ ನೋಡು." ಬೈಗುಳ ತಿಂದರೂ ಚಿಂತೆಯಿಲ್ಲ, ಕೈ ರುಚಿಯ ಹೆಸರು ಹೋಗಬಾರದು ಎನ್ನುವವಳಿಗೆ ಆ ಮಾತು ಎದೆಯಲ್ಲಿ ಚುಚ್ಚಿಕೊಂಡೇ ಇದೆ. ಆದರೂ ಹಿಂದೆ ಸರಿದಿಲ್ಲ.

ಹೊಳೆಯಪ್ಪನ ಗಾಡಿಯಲ್ಲಿ ಮೈಕಿನ ಡಬ್ಬಿಗಳ ಪಕ್ಕ ರೊಟ್ಟಿ ಬುಟ್ಟಿಗಳು ಏರುತ್ತವೆ. ಶಿರಹಟ್ಟಿಯ ದಾರಿಯಲ್ಲಿ ಮಾಗಡಿ ಕೆರೆ ದಾಟುವಾಗ ಹಕ್ಕಿಗಳು ಒಟ್ಟಿಗೇ ಮೇಲೇಳುತ್ತವೆ, ಗದಿಗೆವ್ವನಿಗೆ ಅದರ ಪರಿವೆಯಿಲ್ಲ. ರಸ್ತೆಯ ತಗ್ಗು ಬಂದಾಗಲೆಲ್ಲ "ಸಾವಕಾಶರಿ, ರೊಟ್ಟಿ ಮುರೀತಾವ" ಎನ್ನುತ್ತಾಳೆ.

ಶಿರಹಟ್ಟಿಯ ಕಲ್ಯಾಣ ಮಂಟಪದಲ್ಲಿ ಗಾಯನ ಆರಂಭವಾದಾಗ ಆಕೆ ಎಂದಿನಂತೆ ಚಹಾ ಸೋಸುತ್ತಿದ್ದಾಳೆ. ಬದನೆಕಾಯಿ ಎಣ್ಣೆಗಾಯಿ ಇಳಿಸಿ, ಶೇಂಗಾ ಚಟ್ನಿ ಮುಚ್ಚಿಟ್ಟು, ಕೈ ತೊಳೆದು, ಜನ್ನತಬಿಯನ್ನು ಎಳೆದುಕೊಂಡು ಬಂದು ಜಮಖಾನದ ಮೇಲೆ ಮುಂದೆಯೇ ಕೂರುತ್ತಾಳೆ. ಮುಂಡರಗಿ ಕಡೆಯ ಎಳೆಯ ಗಾಯಕಿ ನೇತ್ರಾ ಹಾಡುತ್ತಿದ್ದಾಳೆ. ಗದಿಗೆವ್ವನ ಬಲಗೈ ತನ್ನಷ್ಟಕ್ಕೇ ತೊಡೆಯ ಮೇಲೆ ರೊಟ್ಟಿ ಬಡಿಯುತ್ತಿದೆ.

ಕೊನೆಗೂ ಭೈರವಿ ಬರುತ್ತದೆ. ಮೊದಲ ಸ್ವರ ಕಿವಿಗೆ ಬಿದ್ದದ್ದೇ ಗದಿಗೆವ್ವ ದಡಕ್ಕನೆ ಎದ್ದು ನಿಲ್ಲುತ್ತಾಳೆ. ಬೇಕೆಂದು ಎದ್ದದ್ದಲ್ಲ, ವರ್ಷಗಳ ರೂಢಿ ಕಾಲನ್ನು ಎಬ್ಬಿಸಿದೆ. ಆಕೆ ಎದ್ದಳೆಂದರೆ ಊಟ ತಯಾರಾಯಿತೆಂದು ಹಿಂದಿನ ಸಾಲುಗಳೂ ಏಳುತ್ತವೆ. ಯಾರೋ ಆಗಲೇ ಚಪ್ಪಲಿ ಹುಡುಕುತ್ತಿದ್ದಾರೆ! ನೇತ್ರಾ ಹಾಡು ನಿಲ್ಲಿಸಿ ನಗುತ್ತಾಳೆ. "ಅಮ್ಮಾರ, ನೀವು ಕುಂಡ್ರಿ. ನೀವು ಎದ್ರ ನನ್ನ ಹಾಡು ಕೇಳಾಕ ಯಾರೂ ಉಳಿಯೂದಿಲ್ಲ."

ಮಂಟಪಕ್ಕೆ ಮಂಟಪವೇ ನಗುತ್ತದೆ. ಜನ್ನತಬಿ ಸೆರಗು ಜಗ್ಗಿ ಕೂರಿಸುತ್ತಾಳೆ. ನಾಚಿಕೆಯಿಂದ ಕೆಂಪಾದ ಗದಿಗೆವ್ವ ಕಾಲು ಮಡಚಿ, ಮತ್ತೆ ಏಳದಂತೆ ಎರಡೂ ಮೊಣಕಾಲನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ. ನೇತ್ರಾ ಮೊದಲಿನಿಂದ ಎತ್ತಿಕೊಳ್ಳುತ್ತಾಳೆ. ಕ್ಯಾಸೆಟ್ 'ಕಟ್' ಎನ್ನುತ್ತಿದ್ದ ಜಾಗ ಬರುತ್ತದೆ, ದಾಟುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ಹೊಸದು. ಹಾಡು ಜೋರಾಗಿ ಮುಗಿಯಬಹುದು ಎಂದುಕೊಂಡಿದ್ದಳು. ಅದು ಸಣ್ಣಗಾಗುತ್ತ, ಇನ್ನೂ ಸಣ್ಣಗಾಗುತ್ತ ತಂಬೂರಿಯೊಳಗೆ ಸೇರಿಹೋಗುತ್ತದೆ.

ಯಾರೂ ಏಳುವುದಿಲ್ಲ. ಕೆಲವರು ಕಣ್ಣು ಮುಚ್ಚಿದ್ದಾರೆ, ಉಳಿದವರು ಗದಿಗೆವ್ವನನ್ನೇ ನೋಡುತ್ತಿದ್ದಾರೆ.

"ಅಕ್ಕಾ, ಏಳು" ಎಂದು ಜನ್ನತಬಿ ಪಿಸುಗುಡುತ್ತಾಳೆ. "ನೀ ಏಳೂ ಮಟಾ ಮಂದಿ ಏಳೂದಿಲ್ಲ. ಹಾಡು ಮುಗೀತು."

"ತಡಿಯವಾ," ಗದಿಗೆವ್ವನ ಕಣ್ಣು ತುಂಬಿದೆ, ಮುಖದ ತುಂಬ ನಗು. "ಇನ್ನೂ ಮುಗದಿಲ್ಲ."

ಆಮೇಲೆ ಪಂಕ್ತಿಯಲ್ಲಿ ಖಡಕ್ ರೊಟ್ಟಿ ಮುರಿಯುವ ಸದ್ದೇ ಸದ್ದು. ಕುಬೇರಪ್ಪನವರು ಎರಡನೆಯ ರೊಟ್ಟಿಗೆ ಕೈ ಚಾಚಿದ್ದನ್ನು ಕಂಡು ಗದಿಗೆವ್ವ ಎಣ್ಣೆಗಾಯಿ ಇನ್ನಷ್ಟು ಬಡಿಸುತ್ತಾಳೆ. ವೈರು ಸುತ್ತುತ್ತಿರುವ ಹೊಳೆಯಪ್ಪ ಕೇಳುತ್ತಾನೆ, "ಅಕ್ಕಾರ, ಈಗರ ಸಮಾಧಾನ ಆತಿಲ್ರಿ?"

"ಆತಪ್ಪಾ, ಪೂರಾ ಆತು." ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ಆಕೆ ಎರಡು ಹೆಜ್ಜೆ ಹೋಗಿ ಕುಬೇರಪ್ಪನವರ ಕಡೆ ತಿರುಗಿ ನಿಲ್ಲುತ್ತಾಳೆ. "ಬರೂ ವರ್ಷ ಚಾದ ಕೆಲಸ ಬ್ಯಾರೆಯವರಿಗೆ ಹೇಳ್ರಿ. ಹಾಡೂಕಿಂತ ಮೊದಲ ತಂಬೂರಿ ಸುರುತಿ ಮಾಡೂದು ಹೆಂಗಿರತೈತಿ, ಅದೊಂದ ನೋಡೂದು ಉಳದೈತಿ."